ಕೆಲಸ ಬಿಡಬೇಕೆನಿಸಿದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಉದ್ಯೋಗ ಸ್ಥಳದ ಒತ್ತಡ ಮತ್ತು ರಾಜೀನಾಮೆಯ ಯೋಚನೆಯ ಕುರಿತು ಬಂದಿರುವ ಪತ್ರಗಳಲ್ಲಿ ಆರನ್ನು ಆಯ್ದು, ಬರೆದವರ ಗುರುತು ಸಿಗುವಂತಹ ವಿವರಗಳನ್ನು ತೆಗೆದು, ಇಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರಲ್ಲಿ ಹೆಚ್ಚಿನವರು ತಮ್ಮನ್ನೇ ದೂಷಿಸಿಕೊಂಡಿದ್ದಾರೆ. ತಮಗೆ ಸಹನೆ ಸಾಲದು, ಗಟ್ಟಿತನ ಸಾಲದು ಎಂದು ಬರೆದಿದ್ದಾರೆ. ಕೆಲಸ ಬಿಡಬೇಕೆಂಬ ಯೋಚನೆ ಪದೇ ಪದೇ ಬರುತ್ತಿದ್ದರೆ ಮೊದಲು ಪರಿಶೀಲಿಸಬೇಕಾದದ್ದು ಕೆಲಸದ ಪರಿಸ್ಥಿತಿಯನ್ನು, ವ್ಯಕ್ತಿಯ ಸ್ವಭಾವವನ್ನು ಆಮೇಲೆ ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ: ಎಂಟು ವರ್ಷಗಳಿಂದ ಒಂದೇ ಸಾಫ್ಟ್‌ವೇರ್ ಸಂಸ್ಥೆಯಲ್ಲಿದ್ದೇನೆ. ಹಿಂದೆಯೂ ಕೆಲಸದ ಹೊರೆ ಇತ್ತು, ರಾತ್ರಿಯವರೆಗೆ ಕುಳಿತದ್ದೂ ಇದೆ, ಆದರೆ ಬಿಡಬೇಕೆಂದು ಅನಿಸಿರಲಿಲ್ಲ. ಹೊಸ ಮ್ಯಾನೇಜರ್ ಬಂದ ಮೇಲೆ ಕೆಲಸ ಹೆಚ್ಚೇನೂ ಆಗಿಲ್ಲ. ಆದರೆ ಪ್ರತಿಯೊಂದಕ್ಕೂ ಅನುಮತಿ ಬೇಕು, ಬೆಳಿಗ್ಗೆ ಹೇಳಿದ ಆದ್ಯತೆ ಸಂಜೆಗೆ ಬದಲಾಗುತ್ತದೆ. ಭಾನುವಾರ ಸಂಜೆಯಾದರೆ ರಾಜೀನಾಮೆ ಕೊಟ್ಟುಬಿಡಬೇಕೆನಿಸುತ್ತದೆ. ನಾನು ಸೋಮಾರಿಯಾಗುತ್ತಿದ್ದೇನೆಯೇ?

ಉತ್ತರ: ನೀವು ವಿವರಿಸಿರುವ ಸ್ಥಿತಿಗೂ ಸೋಮಾರಿತನಕ್ಕೂ ಸಂಬಂಧವಿಲ್ಲ. ಕೆಲಸದ ಪ್ರಮಾಣ ಬದಲಾಗಿಲ್ಲ, ಆದರೆ ಅದನ್ನು ಯಾವ ಕ್ರಮದಲ್ಲಿ, ಹೇಗೆ ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ನಿಮ್ಮ ಕೈಯಿಂದ ಹೋಗಿದೆ ಎಂದು ನಿಮ್ಮ ಪತ್ರವೇ ಹೇಳುತ್ತಿದೆ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು ಸ್ವೀಡನ್ ಮತ್ತು ಅಮೆರಿಕದ ಉದ್ಯೋಗಿಗಳ ಮಾಹಿತಿಯನ್ನು ಅಧ್ಯಯನ ಮಾಡಿ ಇದನ್ನೇ ಹೇಳಿದರು. ಕೆಲಸದ ಬೇಡಿಕೆ ಹೆಚ್ಚಿದ್ದು, ಅದರ ಮೇಲಿನ ಹಿಡಿತವೂ ಉದ್ಯೋಗಿಯ ಕೈಯಲ್ಲಿದ್ದರೆ ಅಂತಹ ಕೆಲಸದಲ್ಲಿ ಮನುಷ್ಯ ಕಲಿಯುತ್ತಾನೆ, ಬೆಳೆಯುತ್ತಾನೆ. ಬೇಡಿಕೆ ಹೆಚ್ಚಿದ್ದು ಹಿಡಿತ ಮಾತ್ರ ಇಲ್ಲವಾದಾಗ ಅದೇ ಕೆಲಸ ಬಳಲಿಕೆಗೂ ಖಿನ್ನತೆಗೂ ದಾರಿಯಾಗುತ್ತದೆ. ಅದರ ಪರಿಣಾಮ ಮನಸ್ಸಿಗಷ್ಟೇ ಸೀಮಿತವೂ ಅಲ್ಲ. ಬ್ರಿಟನ್ನಿನ ಸರ್ಕಾರಿ ನೌಕರರನ್ನು 1985ರಿಂದ ದೀರ್ಘಕಾಲ ಅನುಸರಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ಕಡಿಮೆ ಹಿಡಿತವಿದ್ದವರಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದುದು ಕಂಡುಬಂತು.

ಒತ್ತಡಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನೂ ನೀವು ತಿಳಿದಿರಬೇಕು. ಕಷ್ಟದ ಯೋಜನೆ, ಹೆಚ್ಚಿನ ಜವಾಬ್ದಾರಿ, ಬಿಗಿಯಾದ ಗಡುವು ಇವು ದಣಿಸುತ್ತವೆ ನಿಜ, ಆದರೆ ಮುಗಿಸಿದಾಗ ಏನನ್ನೋ ಸಾಧಿಸಿದ ತೃಪ್ತಿಯನ್ನೂ ಕೊಡುತ್ತವೆ. ಗೊಂದಲದ ಆದೇಶಗಳು, ಒಂದಕ್ಕೊಂದು ಹೊಂದದ ನಿರೀಕ್ಷೆಗಳು, ಅನಗತ್ಯ ಅನುಮತಿಗಳು, ಕಚೇರಿಯ ಗುಂಪುಗಾರಿಕೆ ಇವು ಮನುಷ್ಯನನ್ನು ದಣಿಸುವುದರ ಜೊತೆಗೆ ಕೆಲಸವನ್ನೂ ಮುಂದೆ ಸಾಗಲು ಬಿಡುವುದಿಲ್ಲ. ಈ ವಿಷಯದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಎರಡನೆಯ ಬಗೆಯ ಒತ್ತಡ ಹೆಚ್ಚಿದಂತೆ ಕೆಲಸ ಬಿಡುವ ಉದ್ದೇಶವೂ ಹೆಚ್ಚುತ್ತದೆ. ಮೊದಲನೆಯ ಬಗೆಯದು ಆ ಉದ್ದೇಶವನ್ನು ಹೆಚ್ಚಿಸುವುದಿಲ್ಲ, ಬದಲಾಗಿ ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ಹಿಂದೆ ರಾತ್ರಿಯವರೆಗೆ ಕುಳಿತು ಮಾಡಿದ ಕೆಲಸ ನಿಮ್ಮನ್ನು ಓಡಿಸಲಿಲ್ಲ, ಈಗಿನದು ಓಡಿಸುತ್ತಿದೆ ಎಂಬುದರಲ್ಲಿ ಯಾವ ವಿರೋಧಾಭಾಸವೂ ಇಲ್ಲ.

ಎರಡು ವಾರಗಳ ಕಾಲ ಪ್ರತಿದಿನ ಕಚೇರಿಯಿಂದ ಹೊರಡುವ ಮುನ್ನ, ಆ ದಿನ ನಿಮ್ಮನ್ನು ಅತಿ ಹೆಚ್ಚು ಕಾಡಿದ ಒಂದೇ ಒಂದು ಸಂಗತಿಯನ್ನು ಬರೆದಿಡಿ. ಅನಿಸಿಕೆ ಬೇಡ, ಘಟನೆ ಸಾಕು. ಆಮೇಲೆ ಅದನ್ನು ಓದಿದರೆ ಎರಡೋ ಮೂರೋ ಸಂಗತಿಗಳೇ ಮರುಕಳಿಸಿರುವುದು ಕಾಣುವ ಸಾಧ್ಯತೆ ಹೆಚ್ಚು. ಮ್ಯಾನೇಜರ್ ಬಳಿ ಮಾತನಾಡುವಾಗ "ಒತ್ತಡ ಜಾಸ್ತಿಯಾಗಿದೆ" ಎಂದರೆ ಅವರು ರಜೆ ತೆಗೆದುಕೊಳ್ಳಿ ಎಂದಾರು. "ಇಂತಹ ತೀರ್ಮಾನಗಳನ್ನು ನಾನೇ ಕೈಗೊಂಡು ವಾರಕ್ಕೊಮ್ಮೆ ನಿಮಗೆ ವರದಿ ಕೊಡುತ್ತೇನೆ, ಆದ್ಯತೆ ಬದಲಾದರೆ ಯಾವ ಕೆಲಸವನ್ನು ಕೈಬಿಡಬೇಕೆಂದು ಅದೇ ಸಂದೇಶದಲ್ಲಿ ತಿಳಿಸಿ" ಎಂದು ಕೇಳಿದರೆ ಅವರು ಒಪ್ಪಬೇಕು ಇಲ್ಲವೇ ನಿರಾಕರಿಸಬೇಕು. ಎರಡರಲ್ಲಿ ಯಾವುದಾದರೂ ನಿಮಗೆ ಉಪಯುಕ್ತ ಮಾಹಿತಿಯೇ. ಸ್ಪಷ್ಟವಾಗಿ ಕೇಳಿದ ಮೇಲೂ ಕೆಲವು ತಿಂಗಳುಗಳಲ್ಲಿ ಏನೂ ಬದಲಾಗದಿದ್ದರೆ, ಮೊದಲು ಅದೇ ಸಂಸ್ಥೆಯ ಬೇರೆ ವಿಭಾಗಕ್ಕೆ ವರ್ಗಾವಣೆ ಕೇಳುವುದು ಒಳ್ಳೆಯದು, ಏಕೆಂದರೆ ನಿಮ್ಮ ಮುನಿಸು ಸಂಸ್ಥೆಯ ಮೇಲಲ್ಲ.

ಪ್ರಶ್ನೆ: ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಸಿಬ್ಬಂದಿ ಸಾಲದು. ನನ್ನ ಪಾಳಿ ಮುಗಿದರೂ ಮುಂದಿನವರು ಬಾರದೆ ಹೊರಡುವಂತಿಲ್ಲ. ರೋಗಿಗಳೆಂದರೆ ನನಗೆ ಪ್ರೀತಿಯಿತ್ತು. ಈಗ ಅವರು ನೋವೆಂದು ಅತ್ತರೂ ನನಗೇನೂ ಅನಿಸುತ್ತಿಲ್ಲ. ಇದು ನನಗೇ ಭಯ ಹುಟ್ಟಿಸಿದೆ. ಈ ವೃತ್ತಿಯನ್ನೇ ಬಿಟ್ಟುಬಿಡಲೇ?

ಉತ್ತರ: ಸೋದರಿ, ನಿಮಗೆ ಭಯವಾಗುತ್ತಿದೆ ಎಂದರೆ ರೋಗಿಗಳ ಮೇಲಿನ ನಿಮ್ಮ ಕಾಳಜಿ ಸತ್ತಿಲ್ಲ. ಅದು ಬಳಲಿದೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಬರ್ನ್‌ಔಟ್ ಎಂದು ಹೆಸರಿಟ್ಟು ವಿವರಿಸಿದ ಸ್ಥಿತಿಯನ್ನು ಅವರು ಮೊದಲು ಗಮನಿಸಿದ್ದು ನಿಮ್ಮಂತೆ ಇತರರ ಆರೈಕೆಗೆ ತಮ್ಮನ್ನು ಕೊಟ್ಟುಕೊಂಡವರಲ್ಲೇ. ಮುಂದೆ ಕ್ರಿಸ್ಟಿನಾ ಮಸ್ಲಾಕ್ ಮತ್ತು ಅವರ ಸಹೋದ್ಯೋಗಿಗಳು ಇದರ ಮೂರು ಮುಖಗಳನ್ನು ಗುರುತಿಸಿದರು. ಮೊದಲನೆಯದು ತೀವ್ರ ಬಳಲಿಕೆ, ಎರಡನೆಯದು ಯಾರಿಗಾಗಿ ದುಡಿಯುತ್ತೇವೋ ಅವರಿಂದಲೇ ಮನಸ್ಸು ದೂರ ಸರಿಯುವುದು, ಮೂರನೆಯದು ತಾನು ಮಾಡುತ್ತಿರುವುದರಿಂದ ಯಾವ ಪ್ರಯೋಜನವೂ ಇಲ್ಲವೆಂಬ ಭಾವನೆ. ನಿಮಗೆ ಆಗಿರುವುದು ಎರಡನೆಯದು, ಮತ್ತು ಅದು ಬಹುಮಟ್ಟಿಗೆ ಮೊದಲನೆಯದರ ಫಲ. ಕೊಡಲು ಶಕ್ತಿ ಉಳಿಯದಿದ್ದಾಗ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಭಾವನೆಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಬರ್ನ್‌ಔಟ್ ಅನ್ನು ತನ್ನ ರೋಗಗಳ ವರ್ಗೀಕರಣದಲ್ಲಿ ವಿವರಿಸುವಾಗ, ಅದನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಉದ್ಯೋಗ ಒತ್ತಡದಿಂದ ಉಂಟಾಗುವ ಸ್ಥಿತಿ ಎಂದು ಕರೆಯಿತು. ಈ ವ್ಯಾಖ್ಯೆಯು ಹೊಣೆಯನ್ನು ಎಲ್ಲಿಡಬೇಕೋ ಅಲ್ಲಿಯೇ ಇಟ್ಟಿದೆ ಎಂದು ನಾನು ಭಾವಿಸುತ್ತೇನೆ. ಸಿಬ್ಬಂದಿ ಸಾಲದಿರುವುದು ಆಸ್ಪತ್ರೆಯ ಆಡಳಿತ ಪರಿಹರಿಸಬೇಕಾದ ಸಮಸ್ಯೆ. ಧ್ಯಾನ, ಪ್ರಾಣಾಯಾಮ, ವಾರಾಂತ್ಯದ ಶಿಬಿರ ಇವುಗಳಿಂದ ತಾತ್ಕಾಲಿಕ ಶಮನ ಸಿಕ್ಕೀತು, ಆದರೆ ಮೂವರು ಮಾಡಬೇಕಾದ ಪಾಳಿಯನ್ನು ಒಬ್ಬರು ಮಾಡುವ ಪರಿಸ್ಥಿತಿಯನ್ನು ಅವು ಬದಲಿಸಲಾರವು. ದುಡಿಯುವ ಅವಧಿಯ ವಿಷಯದಲ್ಲಂತೂ ಉದಾಸೀನ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜೊತೆಯಾಗಿ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟೂ, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟೂ ಹೆಚ್ಚು.

ಇನ್ನು ವೃತ್ತಿ ಬಿಡುವ ಮಾತು. ಈ ಆಸ್ಪತ್ರೆ, ಈ ವಾರ್ಡು, ಈ ಪಾಳಿ ಪದ್ಧತಿ ಮತ್ತು ನರ್ಸಿಂಗ್ ವೃತ್ತಿ ಇವು ನಾಲ್ಕು ಬೇರೆ ಬೇರೆ ಸಂಗತಿಗಳು. ಬಳಲಿದ ಮನಸ್ಸಿಗೆ ನಾಲ್ಕೂ ಒಂದಾಗಿ ಕಾಣುತ್ತವೆ, ಆಗ ಹೊರಡುವವರು ಎಲ್ಲವನ್ನೂ ಒಟ್ಟಿಗೆ ಬಿಟ್ಟುಹೋಗುತ್ತಾರೆ. ಆದ್ದರಿಂದ ದೊಡ್ಡ ತೀರ್ಮಾನಕ್ಕೆ ಮುನ್ನ ನಿಮಗೆ ಸಿಗುವಷ್ಟು ದೀರ್ಘ ರಜೆ ತೆಗೆದುಕೊಳ್ಳಿ, ಸಾಧ್ಯವಾದರೆ ವಾರ್ಡ್ ಬದಲಾವಣೆ ಕೇಳಿ, ಸಹೋದ್ಯೋಗಿಗಳೊಂದಿಗೆ ಸೇರಿ ಸಿಬ್ಬಂದಿ ಕೊರತೆಯ ಬಗ್ಗೆ ಲಿಖಿತವಾಗಿ ಮನವಿ ಸಲ್ಲಿಸಿ. ರಜೆಯ ನಂತರವೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಮರಳದಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ರೋಗಿಗೆ ನೀವು ಕೊಡುತ್ತಿದ್ದ ಸಲಹೆಯೂ ಇದೇ ಆಗಿರುತ್ತಿತ್ತು.

ಪ್ರಶ್ನೆ: ನನ್ನದೊಂದು ಮಧ್ಯಮ ಗಾತ್ರದ ಸಂಸ್ಥೆ. ಒಂದೇ ವಿಭಾಗದಿಂದ ಒಬ್ಬರ ಹಿಂದೊಬ್ಬರು ಬಿಟ್ಟುಹೋಗುತ್ತಿದ್ದಾರೆ. ಹೋಗುವಾಗ ಕೇಳಿದರೆ ಎಲ್ಲರೂ "ಒಳ್ಳೆಯ ಅವಕಾಶ ಸಿಕ್ಕಿದೆ" ಎನ್ನುತ್ತಾರೆ. ಸಂಬಳ ಏರಿಸಿದೆ, ಆದರೂ ನಿಲ್ಲಲಿಲ್ಲ. ಇನ್ನೇನು ಮಾಡಬೇಕು?

ಉತ್ತರ: ಹೊರಡುವವರು ನಿಮಗೆ ನಿಜ ಹೇಳುವುದರಿಂದ ಅವರಿಗೇನೂ ಲಾಭವಿಲ್ಲ. ನಾಳೆ ಅನುಭವ ಪತ್ರಕ್ಕೋ, ಶಿಫಾರಸಿಗೋ ಅವರು ನಿಮ್ಮ ಬಳಿಗೇ ಬರಬೇಕು. ಹೀಗಿರುವಾಗ ಎಕ್ಸಿಟ್ ಇಂಟರ್‌ವ್ಯೂನಲ್ಲಿ ಸಿಗುವ ಉತ್ತರ ಸೌಜನ್ಯದ ಉತ್ತರವಾಗಿರುವುದು ಸಹಜ. ಅಷ್ಟೇ ಅಲ್ಲ, ಆ ಹೊತ್ತಿಗೆ ತಡವೂ ಆಗಿರುತ್ತದೆ. ಮನುಷ್ಯ ಒಂದೇ ದಿನದಲ್ಲಿ ರಾಜೀನಾಮೆ ಕೊಡುವುದು ಅಪರೂಪ. 1977ರಲ್ಲಿ ವಿಲಿಯಂ ಮೊಬ್ಲಿ ಈ ದಾರಿಯ ಮೆಟ್ಟಿಲುಗಳನ್ನು ಗುರುತಿಸಿದರು: ಅತೃಪ್ತಿ ಹುಟ್ಟುತ್ತದೆ, ಬಿಡುವ ಯೋಚನೆ ಸುಳಿಯುತ್ತದೆ, ಬಿಟ್ಟರೆ ಆಗುವ ಲಾಭನಷ್ಟಗಳ ಲೆಕ್ಕ ನಡೆಯುತ್ತದೆ, ಬೇರೆ ಕೆಲಸದ ಹುಡುಕಾಟ ಶುರುವಾಗುತ್ತದೆ, ಸಿಕ್ಕಿದ್ದನ್ನು ಇದ್ದದ್ದರ ಜೊತೆ ಹೋಲಿಸಿ ನೋಡಿ, ಕೊನೆಗೆ ಉದ್ದೇಶ ಗಟ್ಟಿಯಾಗುತ್ತದೆ. ನೀವು ಸಂಬಳ ಏರಿಸಿದ್ದು ಬಹುಶಃ ಕೊನೆಯ ಮೆಟ್ಟಿಲಲ್ಲಿ ನಿಂತವರಿಗೆ. ಅಷ್ಟರಲ್ಲಿ ಅವರ ಮನಸ್ಸು ಹೊರಟುಹೋಗಿತ್ತು.

ಸಂಬಳ ಮುಖ್ಯವಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಜೀವನ ನಡೆಸಲು ಸಾಲದಷ್ಟು ಕೊಡುವವರು ಬೇರೆ ಯಾವ ಸುಧಾರಣೆಯ ಮಾತನ್ನೂ ಆಡಬಾರದು. ಆದರೆ ಸಂಬಳ ಒಂದು ಮಟ್ಟ ತಲುಪಿದ ಮೇಲೆ ಬೇರೆ ಲೆಕ್ಕಗಳು ಮುನ್ನೆಲೆಗೆ ಬರುತ್ತವೆ. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಉದ್ಯೋಗಿಗೆ ದಕ್ಕುವ ಪ್ರತಿಫಲವೆಂದರೆ ಹಣ, ಮನ್ನಣೆ, ಬಡ್ತಿ ಮತ್ತು ಉದ್ಯೋಗ ಭದ್ರತೆ ಎಲ್ಲವೂ ಸೇರಿದ್ದು. ಹಾಕುವ ಶ್ರಮಕ್ಕೆ ಇವುಗಳ ಒಟ್ಟು ಮೊತ್ತ ಸರಿದೂಗದಿದ್ದಾಗ ಅನ್ಯಾಯದ ಭಾವನೆ ಬೇರೂರುತ್ತದೆ. 2021ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳಿಂದ ಜನ ಸಾಮೂಹಿಕವಾಗಿ ಹೊರನಡೆದಾಗ ಅದರ ಕಾರಣ ಹುಡುಕಿದ ಸಂಶೋಧಕರು, ಅವಮಾನ, ತಾರತಮ್ಯ ಮತ್ತು ಅನೈತಿಕತೆ ತುಂಬಿದ ಕಚೇರಿ ವಾತಾವರಣವು ಯಾವ ಕಂಪನಿಯಿಂದ ಜನ ಹೋಗುತ್ತಾರೆಂಬುದನ್ನು ಸಂಬಳಕ್ಕಿಂತ ಹತ್ತು ಪಟ್ಟು ಬಲವಾಗಿ ಸೂಚಿಸುತ್ತದೆ ಎಂದು 2022ರ ಆರಂಭದಲ್ಲಿ ವರದಿ ಮಾಡಿದರು.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದ ಮಾತು "ಒಂದೇ ವಿಭಾಗದಿಂದ" ಎಂಬುದು. ಸಂಬಳವೇ ಕಾರಣವಾಗಿದ್ದರೆ ಉಳಿದ ವಿಭಾಗಗಳಿಂದಲೂ ಜನ ಹೋಗುತ್ತಿದ್ದರು. ಆ ವಿಭಾಗದ ಮುಖ್ಯಸ್ಥರು ಹೇಗೆ ಮಾತನಾಡುತ್ತಾರೆ, ತಪ್ಪಾದಾಗ ಯಾರ ಮೇಲೆ ಹಾಕುತ್ತಾರೆ, ಯಶಸ್ಸಾದಾಗ ಹೆಸರು ಯಾರದಾಗುತ್ತದೆ, ಯಾರ ಜವಾಬ್ದಾರಿ ಎಲ್ಲಿ ಮುಗಿಯುತ್ತದೆಂಬುದು ಅಲ್ಲಿರುವವರಿಗೆ ಗೊತ್ತಿದೆಯೇ ಎಂಬುದನ್ನು ಪರಿಶೀಲಿಸಿ. ಆ ಮುಖ್ಯಸ್ಥರು ಸಂಸ್ಥೆಗೆ ಹೆಚ್ಚು ಲಾಭ ತರುವವರಾಗಿದ್ದರೆ ನಿಮಗೆ ಈ ಪರಿಶೀಲನೆ ಕಹಿಯೆನಿಸುತ್ತದೆ, ಆದರೂ ಮಾಡಲೇಬೇಕು.

ಇನ್ನೊಂದು ಅಪಾಯವಿದೆ. ಒಬ್ಬರು ಹೋದಾಗ ಅವರ ಕೆಲಸ ಉಳಿದವರ ಹೆಗಲಿಗೆ ಬರುತ್ತದೆ. ಹೊಸಬರನ್ನು ನೇಮಿಸಿ, ತರಬೇತಿ ಕೊಟ್ಟು, ಕೆಲಸ ಕೈಹಿಡಿಯುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಆ ಹೊರೆಯೇ ಮುಂದಿನ ರಾಜೀನಾಮೆಗೆ ಕಾರಣವಾಗುತ್ತದೆ. ಇದರ ಜೊತೆಗೆ, ಸಹೋದ್ಯೋಗಿಗಳು ಬೇರೆ ಕೆಲಸ ಹುಡುಕುತ್ತಿರುವುದನ್ನು ಕಂಡವರು ತಾವೂ ಬಿಡುವ ಸಾಧ್ಯತೆ ಹೆಚ್ಚೆಂಬುದನ್ನು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಹೊರಡುವವರನ್ನು ಕೇಳುವ ಬದಲು ಉಳಿದವರನ್ನು ಕೇಳಿ, ಮತ್ತು ಕೇಳುವವರು ಆ ವಿಭಾಗದ ಮುಖ್ಯಸ್ಥರಾಗಿರಬಾರದು. "ನಿಮ್ಮ ಕೆಲಸಕ್ಕೆ ಅಡ್ಡಬರುತ್ತಿರುವುದು ಏನು? ಬಿಡಬೇಕೆಂದು ಇತ್ತೀಚೆಗೆ ಯಾವಾಗ ಅನಿಸಿತು, ಆ ದಿನ ಏನಾಗಿತ್ತು?" ಎಂಬ ಎರಡು ಪ್ರಶ್ನೆ ಸಾಕು. ಹೇಳಿದವರಿಗೆ ತೊಂದರೆಯಾಗದೆಂಬ ಭರವಸೆ ಕೊಟ್ಟು ಅದನ್ನು ಉಳಿಸಿಕೊಳ್ಳಿ. ಕೇಳಿಬಂದದ್ದರಲ್ಲಿ ಒಂದನ್ನಾದರೂ ಒಂದು ತಿಂಗಳೊಳಗೆ ಸರಿಪಡಿಸಿ ತೋರಿಸಿ, ಏಕೆಂದರೆ ಅಭಿಪ್ರಾಯ ಕೇಳಿ ಸುಮ್ಮನಿದ್ದುಬಿಟ್ಟರೆ ಕೇಳದೆ ಇದ್ದುದಕ್ಕಿಂತ ಹೆಚ್ಚಿನ ನಿರಾಶೆ ಉಂಟಾಗುತ್ತದೆ.

ಪ್ರಶ್ನೆ: ಬಿಡಬೇಕೆಂದು ದಿನವೂ ಅಂದುಕೊಳ್ಳುತ್ತೇನೆ, ಆದರೆ ಬಿಡುವುದಿಲ್ಲ. ಹೀಗೆಯೇ ಮೂರು ವರ್ಷ ಕಳೆಯಿತು. ನಾನು ಹೇಡಿಯೇ?

ಉತ್ತರ: ಅಲ್ಲ. ಕೆಲಸ ಬಿಡುವ ಉದ್ದೇಶಕ್ಕೂ ನಿಜವಾಗಿ ಬಿಡುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಯಾರು ಬಿಡುತ್ತಾರೆಂಬುದನ್ನು ಊಹಿಸಲು ಆ ಉದ್ದೇಶಕ್ಕಿಂತ ಉತ್ತಮ ಸೂಚಕ ಅಧ್ಯಯನಗಳಲ್ಲಿ ಸುಲಭವಾಗಿ ಸಿಕ್ಕಿಲ್ಲ; ಆದರೂ ಉದ್ದೇಶವಿದ್ದವರಲ್ಲಿ ಅನೇಕರು ಬಿಡುವುದಿಲ್ಲ. ಜೇಮ್ಸ್ ಮಾರ್ಚ್ ಮತ್ತು ಹರ್ಬರ್ಟ್ ಸೈಮನ್ 1958ರಷ್ಟು ಹಿಂದೆಯೇ ಹೇಳಿದಂತೆ, ಹೊರಡುವ ಬಯಕೆ ಎಷ್ಟಿದೆ ಎಂಬುದರ ಜೊತೆಗೆ ಹೊರಡುವುದು ಎಷ್ಟು ಸುಲಭ ಎಂಬುದೂ ತೀರ್ಮಾನವನ್ನು ನಿರ್ಧರಿಸುತ್ತದೆ. ಸಾಲದ ಕಂತು, ಮಕ್ಕಳ ಓದು, ವಯಸ್ಸಾದ ತಂದೆತಾಯಿ, ಕಚೇರಿಯಲ್ಲಿರುವ ಗೆಳೆಯರು, ಬಿಟ್ಟರೆ ಕಳೆದುಹೋಗುವ ಹಿರಿತನ ಇವೆಲ್ಲ ಮನುಷ್ಯನನ್ನು ಹಿಡಿದಿಡುವ ನಿಜವಾದ ಕಾರಣಗಳು, ನೆಪಗಳಲ್ಲ.

ಆದರೆ ಬೇಡವಾದಲ್ಲಿ ಬಹುಕಾಲ ಉಳಿಯುವುದೂ ಒಂದು ಒತ್ತಡವೇ. ಅಂಥವರು ಕಚೇರಿಗೆ ಬರುತ್ತಾರೆ, ಹೇಳಿದಷ್ಟು ಮಾಡುತ್ತಾರೆ, ಹೊಸದನ್ನು ಕಲಿಯುವುದನ್ನು ನಿಲ್ಲಿಸುತ್ತಾರೆ. ಕಲಿಯುವುದನ್ನು ನಿಲ್ಲಿಸಿದಂತೆ ಹೊರಗೆ ಅವಕಾಶಗಳೂ ಕಡಿಮೆಯಾಗುತ್ತವೆ, ಅದರಿಂದ ಉಳಿಯಲೇಬೇಕಾದ ಅನಿವಾರ್ಯತೆ ಇನ್ನಷ್ಟು ಬಿಗಿಯಾಗುತ್ತದೆ. ನಿಮ್ಮ ವಿಷಯದಲ್ಲಿ ನನಗೆ ಆತಂಕವಿರುವುದು ಇದರ ಬಗ್ಗೆಯೇ. ಬಿಡುವ ತೀರ್ಮಾನವನ್ನು ಸದ್ಯಕ್ಕೆ ಬದಿಗಿಟ್ಟು, ಬಿಡಲು ಸಾಧ್ಯವಾಗುವ ಸ್ಥಿತಿಯನ್ನು ಕಟ್ಟಿಕೊಳ್ಳಿ. ಕೆಲವು ತಿಂಗಳ ಖರ್ಚಿಗಾಗುವಷ್ಟು ಉಳಿತಾಯ, ಒಂದು ಹೊಸ ಕೌಶಲ, ನಿಮ್ಮ ಕ್ಷೇತ್ರದಲ್ಲಿ ಬೇರೆಡೆ ದುಡಿಯುವ ನಾಲ್ಕಾರು ಜನರ ಸಂಪರ್ಕ ಇಷ್ಟಿದ್ದರೆ ಉಳಿಯುವುದು ಕೂಡ ನಿಮ್ಮ ಆಯ್ಕೆಯಾಗುತ್ತದೆ, ಮತ್ತು ಅದೇ ಕೆಲಸದ ಭಾರ ಎಷ್ಟೋ ಇಳಿಯುತ್ತದೆ.

ಪ್ರಶ್ನೆ: ಮೇಲಧಿಕಾರಿ ಎಲ್ಲರೆದುರು ಬಯ್ಯುತ್ತಾರೆ, ವೈಯಕ್ತಿಕ ವಿಷಯಗಳನ್ನು ಎತ್ತಿ ಅವಮಾನಿಸುತ್ತಾರೆ. ಬಡ್ತಿ ಸಿಗುವವರೆಗೆ ಸಹಿಸಿಕೊಳ್ಳಿ ಎನ್ನುತ್ತಾರೆ ಮನೆಯವರು.

ಉತ್ತರ: ಮನೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಉದ್ಯೋಗ ಸ್ಥಳದ ಹಿಂಸೆ ಮತ್ತು ಕಿರುಕುಳದ ವಿರುದ್ಧ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ 190ನೇ ಒಡಂಬಡಿಕೆಯನ್ನೇ ಅಂಗೀಕರಿಸಿದೆ. ಮಾನಸಿಕ ಹಾನಿ ಉಂಟುಮಾಡುವ ನಡವಳಿಕೆಯೂ ಅದರ ವ್ಯಾಪ್ತಿಯಲ್ಲಿದೆ. ದಿನಾಂಕ, ಸ್ಥಳ, ಆಡಿದ ಮಾತು, ಅಲ್ಲಿದ್ದವರ ಹೆಸರು ಎಲ್ಲವನ್ನೂ ಆಯಾ ದಿನವೇ ಬರೆದಿಟ್ಟು, ಲಿಖಿತ ದೂರು ಕೊಡಿ. ದೂರನ್ನು ಆ ಅಧಿಕಾರಿಗೇ ತಲುಪಿಸುವಂತಹ ಸಂಸ್ಥೆಯಾದರೆ ಬೇರೆ ಕೆಲಸ ಹುಡುಕಿ ಹೊರಡಿ. ಹಾಗೆ ಹೊರಡುವುದು ಸೋಲಲ್ಲ.

ಪ್ರಶ್ನೆ: ಒತ್ತಡ ತಾಳಲಾರದೆ ಹಳೆಯ ಕೆಲಸ ಬಿಟ್ಟು ಹೊಸದಕ್ಕೆ ಸೇರಿದೆ. ಮೊದಲ ಆರು ತಿಂಗಳು ಬಹಳ ಸಂತೋಷವಾಗಿದ್ದೆ. ವರ್ಷ ತುಂಬುವಷ್ಟರಲ್ಲಿ ಮತ್ತೆ ಅದೇ ಬೇಸರ. ತಪ್ಪು ನನ್ನಲ್ಲೇ ಇದೆಯೇ?

ಉತ್ತರ: ಕೆಲಸ ಬದಲಿಸಿದ ಮ್ಯಾನೇಜರ್‌ಗಳನ್ನು ಗಮನಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಬಿಡುವ ಮುನ್ನ ಅವರ ತೃಪ್ತಿ ಕುಸಿದಿತ್ತು, ಹೊಸ ಕೆಲಸಕ್ಕೆ ಸೇರಿದಾಗ ಏರಿತು, ಅನಂತರ ಮತ್ತೆ ಇಳಿಯಿತು. ಇಳಿಮುಖವಾದ ಮಾತ್ರಕ್ಕೆ ತಪ್ಪು ಆಯ್ಕೆ ಮಾಡಿದಿರೆಂದು ಅರ್ಥವಲ್ಲ. ಆರಂಭದ ಉತ್ಸಾಹ ಎಲ್ಲಿಯೂ ಉಳಿಯುವುದಿಲ್ಲ. ನೀವು ಹೋಲಿಸಬೇಕಾದದ್ದು ಈಗಿನ ಸ್ಥಿತಿಯನ್ನು ಮೊದಲ ಆರು ತಿಂಗಳ ಜೊತೆಗಲ್ಲ, ಹಳೆಯ ಕೆಲಸದ ಕೊನೆಯ ದಿನಗಳ ಜೊತೆಗೆ. ನಿದ್ದೆ ಸರಿಯಾಗಿದೆಯೇ, ಮನೆಯವರೊಂದಿಗೆ ಸಿಡುಕುವುದು ಕಡಿಮೆಯಾಗಿದೆಯೇ, ತಪ್ಪಾದರೆ ಹೇಳಿಕೊಳ್ಳಲು ಧೈರ್ಯವಿದೆಯೇ ಎಂದು ನೋಡಿ. ಇವು ಸುಧಾರಿಸಿದ್ದರೆ ಈಗಿನದು ಸಾಮಾನ್ಯ ಬೇಸರ.

ಸುಧಾರಿಸದಿದ್ದರೆ, ಹಳೆಯ ಕೆಲಸದಲ್ಲಿ ನಿಮ್ಮನ್ನು ಹಿಂಡಿದ ಪರಿಸ್ಥಿತಿ ಇಲ್ಲಿಯೂ ಇದೆಯೆಂದು ತಿಳಿಯಬೇಕು. ಒತ್ತಡದಿಂದ ಓಡಿಬರುವವರು ಸಾಮಾನ್ಯವಾಗಿ ಸಂಬಳ ಮತ್ತು ಹುದ್ದೆಯನ್ನು ವಿಚಾರಿಸುತ್ತಾರೆ, ತಮ್ಮನ್ನು ಓಡಿಸಿದ ಸಂಗತಿಯನ್ನೇ ವಿಚಾರಿಸುವುದಿಲ್ಲ. ಮುಂದೊಮ್ಮೆ ಬದಲಿಸುವುದಾದರೆ ಸಂದರ್ಶನದಲ್ಲಿ, ಈ ಹುದ್ದೆಯಲ್ಲಿ ಮೊದಲು ಇದ್ದವರು ಯಾಕೆ ಹೋದರು, ತಂಡದಲ್ಲಿರುವವರು ಎಷ್ಟು ಕಾಲದಿಂದ ಇದ್ದಾರೆ, ಕೆಲಸದ ಆದ್ಯತೆಯನ್ನು ಯಾರು ನಿರ್ಧರಿಸುತ್ತಾರೆ, ಕಚೇರಿ ಸಮಯದ ನಂತರ ಕರೆ ಬಂದರೆ ಎತ್ತಲೇಬೇಕೇ ಎಂದು ಕೇಳಿ. ಸಾಧ್ಯವಾದರೆ ನಿಮ್ಮ ಮೇಲಧಿಕಾರಿಯಾಗಲಿರುವವರ ಕೈಕೆಳಗೆ ಈಗ ದುಡಿಯುತ್ತಿರುವ ಒಬ್ಬರೊಂದಿಗೆ, ಆ ಅಧಿಕಾರಿ ಇಲ್ಲದಿರುವಾಗ, ಹತ್ತು ನಿಮಿಷ ಮಾತನಾಡಲು ಅವಕಾಶ ಕೋರಿ. ಅದಕ್ಕೂ ಒಪ್ಪದ ಸಂಸ್ಥೆಯಾದರೆ, ಸೇರುವ ಮುನ್ನ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.